ಹಳೇ ಪೇಪರ್, ಬಾಳೆಕಂಬ, ಹರಿದ ಚಾಪೆ: ಕತ್ತಿ ಅಭ್ಯಾಸಕ್ಕೆ ಮನೆಯಲ್ಲೇ ಗುರಿ

ಗಾಳಿಯಲ್ಲಿ ಕತ್ತಿ ಬೀಸುವಾಗ ಎಲ್ಲ ಏಟೂ ಸರಿಯಾಗಿಯೇ ಕಾಣುತ್ತದೆ. ಕತ್ತಿಯ ಬಾಯಿ ತಾನು ಸಾಗುವ ದಾರಿಗೆ ನೇರವಾಗಿದೆಯೋ, ನಾಲ್ಕೈದು ಡಿಗ್ರಿ ಹೊರಳಿದೆಯೋ ಎಂಬುದು ಏನನ್ನಾದರೂ ಕಡಿದಾಗಲೇ ಗೊತ್ತಾಗುವುದು. ಜಪಾನಿನ ಕತ್ತಿವಿದ್ಯೆಯಲ್ಲಿ ಇದಕ್ಕೆಂದೇ ತಮೇಶಿಗಿರಿ ಎಂಬ ಅಭ್ಯಾಸವಿದೆ. ತತಾಮಿ ಎಂಬ ಜಪಾನಿ ನೆಲಹಾಸಿನ, ಇಗುಸಾ ಎಂಬ ಜೊಂಡಿನಿಂದ ನೇಯ್ದ ಮೇಲುಹೊದಿಕೆಯನ್ನು ಬಿಗಿಯಾಗಿ ಸುತ್ತಿ, ನೀರಲ್ಲಿ ನೆನೆಸಿ, ಗೂಟಕ್ಕೆ ಸಿಕ್ಕಿಸಿ ಕಡಿಯುತ್ತಾರೆ. ಯುರೋಪಿನ ಹಳೆಯ ಕತ್ತಿವಿದ್ಯೆ ಕಲಿಯುವವರೂ ಈಗ ಅದೇ ಸುರುಳಿಯನ್ನು ಬಳಸುತ್ತಾರೆ. ನಮ್ಮ ಕಡೆಗೂ ಇದು ಹೊಸದಲ್ಲ. ಕೊಡವರ ಮದುವೆಯಲ್ಲಿ ಒಡಿಕತ್ತಿಯಿಂದ ಬಾಳೆ ಕಡಿಯುವ ಬಾಳೆ ಬಿರುದು ಇದೆ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಗರ್ಭಗುಡಿ ಬಾಗಿಲು ತೆಗೆಯುವ ಮೊದಲು ಅರಸು ಮನೆತನದವರು ಬಾಳೆಕಂದು ಕಡಿಯುತ್ತಾರೆ.

ತತಾಮಿ ಚಾಪೆ ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಸಿಗುವುದಿಲ್ಲ, ತರಿಸಿಕೊಂಡರೆ ದುಬಾರಿ. ಅದಿಲ್ಲದೆ ಕಲಿಯುವುದಕ್ಕೆ ಆಗುವುದಿಲ್ಲ ಎಂದು ಯಾರೂ ಅಂದುಕೊಳ್ಳಬೇಕಿಲ್ಲ. ರದ್ದಿ ಪೇಪರ್, ಗೊನೆ ಕಡಿದು ಬಿಟ್ಟ ಬಾಳೆ, ಹಳೇ ಜೊಂಡಿನ ಚಾಪೆ, ಖಾಲಿ ನೀರಿನ ಬಾಟಲಿ ಇಷ್ಟಿದ್ದರೆ ಒಂದು ವರ್ಷದ ಅಭ್ಯಾಸಕ್ಕೆ ಸಾಕು. ಗುರಿ ಎಷ್ಟು ಗಟ್ಟಿ ಎಂಬುದು ಮುಖ್ಯವಲ್ಲ, ನಿಮ್ಮ ತಪ್ಪನ್ನು ಅದು ಎಷ್ಟು ಸ್ಪಷ್ಟವಾಗಿ ತೋರಿಸುತ್ತದೆ ಎಂಬುದು ಮುಖ್ಯ. ಕಷ್ಟಪಟ್ಟು ಕಡಿದ ಗಟ್ಟಿ ಬಿದಿರಿಗಿಂತ, ಕಡಿದ ಮೇಲೆ ಕೈಗೆತ್ತಿಕೊಂಡು ಓದಬಹುದಾದ ಮೆತ್ತನೆಯ ಸುರುಳಿ ಹೆಚ್ಚು ಕಲಿಸುತ್ತದೆ.

ಇದು ಗುರುವಿನ ಹತ್ತಿರ ಹಿಡಿತ, ಹೆಜ್ಜೆ, ಬೀಸು ಕಲಿತ ವಯಸ್ಕರಿಗೆ ಬರೆದದ್ದು. ಹರಿತವಾದ ಕತ್ತಿಯನ್ನು ಮೊದಲ ಸಲ ಹಿಡಿಯುತ್ತಿರುವವರು, ಪಕ್ಕದಲ್ಲಿ ತಿಳಿದವರು ಇಲ್ಲದೆ ಕಡಿಯಲು ಹೋಗಬೇಡಿ.

ಮೊದಲು ಕತ್ತಿಯನ್ನು ನೋಡಿ

ಗೋಡೆಗೆ ನೇತುಹಾಕಲು ಮಾರುವ ಸ್ಟೇನ್‌ಲೆಸ್ ಸ್ಟೀಲ್ ಕತ್ತಿಯಲ್ಲಿ ಕಡಿಯಲೇಬಾರದು. ಅದರ ಅಲಗು ಹಿಡಿಯೊಳಗೆ ಸಾಮಾನ್ಯವಾಗಿ ಒಂದು ಸಣ್ಣ ಬೋಲ್ಟಿನ ದಪ್ಪಕ್ಕೆ ಮಾತ್ರ ಇಳಿದಿರುತ್ತದೆ, ಬೆಸುಗೆ ಹಾಕಿ ನಿಲ್ಲಿಸಿರುತ್ತಾರೆ. ಏಟು ಬಿದ್ದಾಗ ಮುರಿಯುವುದು ಅಲ್ಲೇ. ಮುರಿದ ಅಲಗು ಯಾವ ಕಡೆ ಹಾರುತ್ತದೆ ಎಂದು ಹೇಳುವುದಕ್ಕಾಗುವುದಿಲ್ಲ. ಅಭ್ಯಾಸದ ಕತ್ತಿ ಕಾರ್ಬನ್ ಸ್ಟೀಲಿನದಾಗಿರಬೇಕು, ಅಲಗಿನ ಲೋಹವೇ ಅಗಲ ಕಳೆದುಕೊಳ್ಳದೆ ಹಿಡಿಯ ಉದ್ದಕ್ಕೂ ಸಾಕಷ್ಟು ಇಳಿದಿರಬೇಕು.

ಪ್ರತಿ ಸಲ ಶುರು ಮಾಡುವ ಮುಂಚೆ ಮೂರು ಪರೀಕ್ಷೆ ಮಾಡಿ. ಹಿಡಿಯನ್ನು ಒಂದು ಕೈಯಲ್ಲಿ ಹಿಡಿದು ಆ ಮುಷ್ಟಿಯ ಮೇಲೆ ಇನ್ನೊಂದು ಕೈಯಿಂದ ಗುದ್ದಿ. ಕಟಕಟ ಸದ್ದು ಬಂದರೆ ಒಳಗೆ ಸಡಿಲವಾಗಿದೆ. ಜಪಾನಿ ಮಾದರಿಯದಾದರೆ ಹಿಡಿಯನ್ನು ಹಾದುಹೋಗುವ ಬಿದಿರಿನ ಮೊಳೆಯನ್ನು ಹೆಬ್ಬೆರಳಲ್ಲಿ ಒತ್ತಿ; ಬೆರಳಿಗೇ ಜರುಗಿದರೆ ಹೊಸ ಮೊಳೆ ಬೇಕು. ಕೊನೆಗೆ ಅಲಗನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬೆನ್ನಿನ ಉದ್ದಕ್ಕೂ ನೋಡಿ, ಬಾಗಿದೆಯೇ ಎಂದು. ಮುಂಗಾರು ಕಳೆದ ಮೇಲೆ ಮರದ ಹಿಡಿ ಒಣಗಿ ಕುಗ್ಗುವುದರಿಂದ ನಮ್ಮ ಮಲೆನಾಡಿನಲ್ಲಿ ಡಿಸೆಂಬರ್–ಜನವರಿಯಲ್ಲಿ ಈ ಸಡಿಲ ಹೆಚ್ಚು ಕಾಣುತ್ತದೆ.

ತೋಟದ ಮಚ್ಚು, ಕುಡುಗೋಲು ಇದಕ್ಕೆ ಬೇಡ. ಮಚ್ಚಿನ ತೂಕವೆಲ್ಲ ಮುಂದಿರುತ್ತದೆ, ತೂಕದಿಂದಲೇ ಕಡಿದು ಹಾಕುತ್ತದೆ. ಕೈ ಹೊರಳಿದ್ದರೂ ಗೊತ್ತಾಗುವುದಿಲ್ಲ.

ಕಾನೂನನ್ನೂ ಇಲ್ಲೇ ಹೇಳಿಬಿಡಬೇಕು. 1959ರ ಶಸ್ತ್ರಾಸ್ತ್ರ ಕಾಯಿದೆಯ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿರುವ ಕತ್ತಿಗಳನ್ನು ಶಸ್ತ್ರಗಳ ಪಟ್ಟಿಗೆ ಸೇರಿಸುತ್ತವೆ. ಮನೆ ಬಳಕೆ ಮತ್ತು ಬೇಸಾಯಕ್ಕೆಂದು ಮಾಡಿದವು ಅದರಲ್ಲಿ ಬರುವುದಿಲ್ಲ. ಕತ್ತಿ ಕೊಳ್ಳುವ ಮುಂಚೆ ನಿಮ್ಮ ಠಾಣೆಯಲ್ಲಿ ಒಂದು ಮಾತು ಕೇಳಿ. ಬಿಚ್ಚುಗತ್ತಿ ಹಿಡಿದು ರಸ್ತೆಯಲ್ಲಿ ಹೋಗಬೇಡಿ, ಚುನಾವಣೆ ಅಥವಾ ನಿಷೇಧಾಜ್ಞೆಯ ದಿನಗಳಲ್ಲಿ ಕತ್ತಿ ಮನೆಯಿಂದ ಹೊರಗೆ ಬರುವುದೇ ಬೇಡ.

ಗುರಿ ನಿಲ್ಲಿಸುವ ಕಂಬ

ಗುರಿಗಿಂತ ಮೊದಲು ಕಂಬ ಸರಿಯಾಗಬೇಕು. ಅಲ್ಲಾಡುವ ಕಂಬದ ಮೇಲೆ ಯಾವ ಗುರಿ ಇಟ್ಟರೂ ತಪ್ಪು ನಿಮ್ಮದೋ ಕಂಬದ್ದೋ ತಿಳಿಯುವುದಿಲ್ಲ.

ತಳಕ್ಕೆ 75 ಸೆಂಟಿಮೀಟರ್ ಉದ್ದದ ಎರಡು ದಪ್ಪ ಹಲಗೆಗಳನ್ನು ಕೂಡುಗುರುತಿನ ಆಕಾರದಲ್ಲಿ ಜೋಡಿಸಿ. ನಡುವೆ ನಿಲ್ಲುವ ಕಂಬಕ್ಕೆ ತೋಟದ ಸಿಲ್ವರ್ ಓಕ್ ಸಾಕು, 10 ಸೆಂ.ಮೀ. ದಪ್ಪ, ನೆಲದಿಂದ 70 ಸೆಂ.ಮೀ. ಎತ್ತರ. ನಾಲ್ಕೂ ಕಡೆಯಿಂದ ಓರೆ ಆಸರೆ ಕೊಡಿ. ಕಂಬದ ನೆತ್ತಿಯಲ್ಲಿ ಎರಡೂವರೆ ಸೆಂ.ಮೀ. ಅಗಲ, 8 ಸೆಂ.ಮೀ. ಆಳದ ತೂತು ಕೊರೆಸಿ, ಅದಕ್ಕೆ ಬಿಗಿಯಾಗಿ ಕೂರುವ ಗೂಟ ಮಾಡಿ. ಗೂಟಕ್ಕೆ ಒಣಗಿದ ಕಾಫಿ ಗಿಡದ ಕಾಂಡಕ್ಕಿಂತ ಒಳ್ಳೆಯ ಮರ ಸಿಗಲಿಕ್ಕಿಲ್ಲ. ಗಟ್ಟಿ, ಸೀಳುವುದಿಲ್ಲ, ತೋಟದಲ್ಲಿ ಹಳೇ ಗಿಡ ಕಿತ್ತಾಗ ಬೇಕಾದಷ್ಟು ಬಿದ್ದಿರುತ್ತದೆ. ಕಂಬದ ಮೇಲೆ 15 ಸೆಂ.ಮೀ. ಕಾಣುವಂತೆ ಬಿಟ್ಟು, ಬುಡದಲ್ಲಿ ಎರಡೂವರೆ, ತುದಿಯಲ್ಲಿ ಒಂದು ಸೆಂ.ಮೀ. ದಪ್ಪಕ್ಕೆ ಕೆತ್ತಿ ನಯ ಮಾಡಿ.

ಗೂಟದಲ್ಲಿ, ಕಂಬದ ನೆತ್ತಿಯಲ್ಲಿ, ಎಲ್ಲಿಯೂ ಕಬ್ಬಿಣದ ಮೊಳೆ ಇರಬಾರದು. ಒಂದಲ್ಲ ಒಂದು ದಿನ ಅಲಗು ಅಲ್ಲಿಗೆ ಬಡಿಯುತ್ತದೆ. ಮರಕ್ಕೆ ಬಡಿದರೆ ಗೂಟ ಬದಲಾಯಿಸಿದರಾಯಿತು, ಮೊಳೆಗೆ ಬಡಿದರೆ ಕತ್ತಿಯ ಬಾಯಿ ಹಲ್ಲು ಹಲ್ಲಾಗುತ್ತದೆ. ಕೆಳಗಿನ ಜೋಡಣೆಗೆ ಬೋಲ್ಟ್ ಹಾಕಬಹುದು.

ತಳದ ಹಲಗೆಗಳ ಮೇಲೆ 20 ಕೆ.ಜಿ. ಮರಳಿನ ಚೀಲ ಎರಡು ಇಡಿ. ಬಾಳೆಕಂಬ ನಿಲ್ಲಿಸಿದಾಗ ಇದರ ಬೆಲೆ ಗೊತ್ತಾಗುತ್ತದೆ: 15 ಸೆಂ.ಮೀ. ದಪ್ಪ, 90 ಸೆಂ.ಮೀ. ಉದ್ದದ ಹಸಿ ಬಾಳೆ 14 ಕೆ.ಜಿ. ಆಸುಪಾಸು ತೂಗುತ್ತದೆ, ತೂಕವೆಲ್ಲ ಮೇಲಿರುತ್ತದೆ.

ಪೇಪರ್ ಸುರುಳಿ

ಇದನ್ನೇ ಮೊದಲು ಕಲಿಯಿರಿ, ಇದನ್ನೇ ಕೊನೆಯವರೆಗೂ ಬಿಡಬೇಡಿ. ಖರ್ಚಿಲ್ಲ, ಪ್ರತಿ ಸಲವೂ ಒಂದೇ ಅಳತೆಗೆ ಮಾಡಬಹುದು, ಕಡಿದ ಮುಖ ಸುಳ್ಳು ಹೇಳುವುದಿಲ್ಲ.

ದಿನಪತ್ರಿಕೆಯ ಒಂದು ಪೂರ್ತಿ ಹಾಳೆ, ಅಂದರೆ ನಾಲ್ಕು ಪುಟ, ಸುಮಾರು 16 ಗ್ರಾಂ ತೂಗುತ್ತದೆ. ಮೊದಲ ಸುರುಳಿಗೆ 16 ಹಾಳೆ, ಹೆಚ್ಚುಕಡಿಮೆ ಕಾಲು ಕೆ.ಜಿ. ಬೇಕು. ಹದಿನಾಲ್ಕು ಪುಟದ ಪೇಪರ್ ಆದರೆ ನಾಲ್ಕೈದು ದಿನದ್ದು. ಇದರಿಂದ ಮೂರೂವರೆ ಸೆಂ.ಮೀ. ದಪ್ಪದ ಸುರುಳಿ ಆಗುತ್ತದೆ. ಅದು ಸಲೀಸಾಗಿ ಕಡಿದು ಬೀಳುವಂತಾದ ಮೇಲೆ 24 ಹಾಳೆಗೆ, ಆಮೇಲೆ 36–40 ಹಾಳೆಗೆ ಏರಿಸಿ; ಅದು ಐದು ಸೆಂ.ಮೀ. ದಪ್ಪ ಬರುತ್ತದೆ. ಅದಕ್ಕಿಂತ ದಪ್ಪ ಮಾಡಿ ಪ್ರಯೋಜನವಿಲ್ಲ.

ಹೊಳಪಿನ ಪುರವಣಿ, ಜಾಹೀರಾತಿನ ನುಣುಪು ಕಾಗದ ತೆಗೆದುಹಾಕಿ. ಅದರ ಮೇಲಿನ ಹೊಳಪು ಸಣ್ಣ ಖನಿಜದ ಪುಡಿಯ ಲೇಪ. ನೀರು ಕುಡಿಯುವುದಿಲ್ಲ, ಕತ್ತಿಯ ಬಾಯಿಯನ್ನೂ ಬೇಗ ಮೊಂಡು ಮಾಡುತ್ತದೆ. ಪಿನ್ನು ಒಂದೂ ಉಳಿಯದಂತೆ ಹಾಳೆ ಹಾಳೆ ಬಿಡಿಸಿ ನೋಡಿ.

ಸುತ್ತುವ ರೀತಿ ಹೀಗೆ. ಪೂರ್ತಿ ಬಿಚ್ಚಿದ ನಾಲ್ಕು ಹಾಳೆಗಳನ್ನು ಒಂದರ ಮೇಲೊಂದು ಹಾಸಿ. ಉದ್ದನೆಯ ಬದಿ ನಿಮ್ಮ ಕಡೆಗಿರಲಿ, ಆಗ ಸುರುಳಿ ಸುಮಾರು 65 ಸೆಂ.ಮೀ. ಉದ್ದ ಬರುತ್ತದೆ. ಒಂದು ಸೆಂ.ಮೀ. ದಪ್ಪದ ನಯವಾದ ಕಡ್ಡಿಯನ್ನು ಅಂಚಿನಲ್ಲಿಟ್ಟು ಅದರ ಸುತ್ತ ಬಿಗಿಯಾಗಿ ಸುತ್ತುತ್ತಾ ಹೋಗಿ. ಹತ್ತು ಸೆಂ.ಮೀ. ಉಳಿದಿರುವಾಗ ಮುಂದಿನ ನಾಲ್ಕು ಹಾಳೆಯ ಅಂಚನ್ನು ಒಳಗೆ ಸೇರಿಸಿ ಮುಂದುವರಿಸಿ. ಹದಿನಾರು ಹಾಳೆಯನ್ನೂ ಒಟ್ಟಿಗೆ ಹಾಸಿ ಸುತ್ತಿದರೆ ಒಳಗಿನವು ಮುದುಡಿ ಗಂಟು ಗಂಟಾಗುತ್ತವೆ, ಕತ್ತಿ ಹಾದಾಗ ಒಂದು ಕಡೆ ಮೆತ್ತಗೆ ಒಂದು ಕಡೆ ಗಟ್ಟಿ ಸಿಗುತ್ತದೆ. ಸುತ್ತಿ ಮುಗಿದ ಮೇಲೆ ಎರಡು ತುದಿ ಮತ್ತು ನಡುವೆ ಹದಿನೈದು ಸೆಂ.ಮೀ.ಗೊಂದು ರಬ್ಬರ್ ಬ್ಯಾಂಡ್ ಹಾಕಿ, ಕಡ್ಡಿ ಎಳೆದುಬಿಡಿ. ಕಾಗದ ನೆನೆದು ಉಬ್ಬಿದಾಗ ರಬ್ಬರ್ ಹಿಗ್ಗುತ್ತದೆ. ಹುರಿಯಲ್ಲಿ ಕಟ್ಟಿದರೆ ಆ ಜಾಗ ಮಾತ್ರ ಹಿಸುಕಿ ಸೊಂಟ ಬೀಳುತ್ತದೆ. ಬಿಗಿ ಸಾಕೇ ಎಂದು ತಿಳಿಯಲು ಹೆಬ್ಬೆರಳಿನಿಂದ ಒತ್ತಿ: ಸ್ವಲ್ಪ ತಗ್ಗಬೇಕು, ಬೆರಳು ತೆಗೆದಾಗ ಮತ್ತೆ ಬರಬೇಕು. ಒತ್ತಿದರೂ ಅಲ್ಲಾಡದಿದ್ದರೆ ನೀವು ಮರ ಮಾಡಿಟ್ಟಿದ್ದೀರಿ, ಬಿಚ್ಚಿ ಸುತ್ತಿ.

ಬಕೆಟ್ಟಿನಲ್ಲಿ ಇದು ಮುಳುಗುವುದಿಲ್ಲ. ನೀರಿನ ಡ್ರಮ್ಮು ಅಥವಾ ಕೊಟ್ಟಿಗೆಯ ಬಾನಿಯಲ್ಲಿ ಮಲಗಿಸಿ ಮೇಲೊಂದು ಕಲ್ಲು ಹೇರಿ. ಸಣ್ಣ ಸುರುಳಿಗೆ ನಾಲ್ಕು ಗಂಟೆ, 40 ಹಾಳೆಯದಕ್ಕೆ ಒಂದು ರಾತ್ರಿ. ನೀರಿನೊಳಗೇ ಹಿಸುಕಿದಾಗ ಗುಳ್ಳೆ ಬರದಿದ್ದರೆ ನಡುವಿನವರೆಗೂ ನೆನೆದಿದೆ ಎಂದರ್ಥ. ಒಂದು ದಿನ ದಾಟಿದರೆ ಹೊರಗಿನ ಪದರ ಹಿಟ್ಟಾಗಿ ಕಳಚುತ್ತದೆ. ತೆಗೆದ ಮೇಲೆ ಅರ್ಧ ಗಂಟೆ ನಿಲ್ಲಿಸಿ ನೀರು ಬಸಿಯಲು ಬಿಡಿ. ಧಾರೆ ನಿಂತು ಹನಿ ಹನಿ ಬೀಳುವ ಹದದಲ್ಲಿ ಗೂಟಕ್ಕೆ ಒತ್ತಿ ಸಿಕ್ಕಿಸಿ, ಗೂಟದ ಸುತ್ತ ಬುಡಕ್ಕೆ ಇನ್ನೆರಡು ರಬ್ಬರ್ ಬ್ಯಾಂಡ್ ಹಾಕಿ.

ಗೂಟ ಒಳಗೆ 15 ಸೆಂ.ಮೀ. ಹೋಗಿರುತ್ತದೆ. ಅದರ ತುದಿಯಿಂದ ಮೇಲೆ ಇನ್ನು ಹತ್ತು ಸೆಂ.ಮೀ. ಬಿಟ್ಟು, ಅಲ್ಲಿಗೆ ಸುತ್ತಲೂ ಸ್ಕೆಚ್ ಪೆನ್ನಿನಲ್ಲಿ ಗೆರೆ ಹಾಕಿ. ಗೆರೆಯ ಕೆಳಗೆ ಕತ್ತಿ ಹೋಗಬಾರದು. ಉಳಿಯುವುದು 40 ಸೆಂ.ಮೀ., ಅಂದರೆ ಒಂದು ಸುರುಳಿಗೆ ನಾಲ್ಕು ಏಟು. ಮೇಲಿನಿಂದ ಕೆಳಕ್ಕೆ ಬನ್ನಿ. ಒಂದು ದಿನಕ್ಕೆ ಐದು ಸುರುಳಿ, ಇಪ್ಪತ್ತು ಏಟು ಸಾಕು. ಅದಕ್ಕಿಂತ ಹೆಚ್ಚಾದರೆ ಮಣಿಕಟ್ಟು ಸೋಲುತ್ತದೆ, ಸೋತ ಕೈಯಲ್ಲೇ ಗಾಯ ಆಗುವುದು.

ಕಡಿದ ಮುಖ ಓದುವುದು

ಬಿದ್ದ ತುಂಡನ್ನು ಪ್ರತಿ ಸಲ ಎತ್ತಿಕೊಳ್ಳಿ. ಮುಂದಿನ ಏಟಿಗೆ ಆತುರ ಬೇಡ. ಕಡಿದ ಮುಖದ ಮೇಲೆ ಅಡ್ಡಲಾಗಿ ಒಂದು ಸ್ಕೇಲ್ ಇಟ್ಟು ಬೆಳಕಿಗೆ ಹಿಡಿಯಿರಿ.

ಸ್ಕೇಲು ಎಲ್ಲ ಕಡೆ ತಾಗಿದರೆ ಏಟು ಸರಿ. ನಡುವೆ ತಗ್ಗು ಬಿದ್ದು ಬಳಸಿ ಹೋದಂತಿದ್ದರೆ ಕತ್ತಿ ಒಳಗಿರುವಾಗಲೇ ಬಾಯಿ ಹೊರಳಿದೆ. ಹೆಚ್ಚಾಗಿ ಇದು ಮೇಲಿನ ಕೈಯ ದೋಷ: ಬಲಗೈ ಮುಷ್ಟಿ ಬಿಗಿದು ಏಟನ್ನು ಎಳೆಯುವಾಗ ಮಣಿಕಟ್ಟು ಒಳಕ್ಕೆ ತಿರುಗುತ್ತದೆ. ಕೆಳಗಿನ ಕೈಯ ಕಿರುಬೆರಳು, ಉಂಗುರ ಬೆರಳು ಬಿಗಿಯಾಗಿರಲಿ, ಮೇಲಿನ ಕೈ ದಾರಿ ತೋರಿಸಿದರೆ ಸಾಕು.

ಮುಖದ ಮಧ್ಯೆ ಒಂದು ಮೆಟ್ಟಿಲು ಕಂಡರೆ ಕತ್ತಿ ಅಲ್ಲಿ ನಿಂತು, ನೀವು ಮತ್ತೆ ನೂಕಿದ್ದೀರಿ. ಭುಜದಿಂದ ಕುಟ್ಟಿದಾಗ ಹೀಗಾಗುತ್ತದೆ. ಕತ್ತಿ ಗುರಿಗೆ ತಾಗುವ ಹೊತ್ತಿಗೇ ವೇಗ ಮುಗಿದಿರುತ್ತದೆ. ಏಟು ಗುರಿಯ ಆಚೆ ಮುಗಿಯಬೇಕು. ಕತ್ತಿ ಹೊರಬರುವ ಕಡೆಯಲ್ಲಿ ಮಾತ್ರ ಕಾಗದ ಹರಿದು ಜುಂಜಾಗಿದ್ದರೆ ಬಾಯಿ ಮೊಂಡಾಗಿದೆ. ಮೂರರಲ್ಲಿ ಎರಡು ಪಾಲು ಹೋಗಿ ಕಚ್ಚಿ ನಿಂತರೆ ನಡುವಿನ ಬಣ್ಣ ನೋಡಿ: ಬಿಳಿಚಿಕೊಂಡ ವೃತ್ತ ಕಂಡರೆ ಒಳಗೆ ನೆನೆದಿಲ್ಲ, ತಪ್ಪು ನಿಮ್ಮದಲ್ಲ. ಎಲ್ಲ ಒಂದೇ ಬಣ್ಣವಿದ್ದರೆ ನಿಮ್ಮದೇ. ಕಚ್ಚಿದ ಕತ್ತಿಯನ್ನು ಅಲ್ಲಾಡಿಸಿ ಬಿಡಿಸಬೇಡಿ, ಅಲಗು ಬಾಗುವುದು ಆಗಲೇ. ಒಳಗೆ ಹೋದ ದಾರಿಯಲ್ಲೇ ಹಿಂದಕ್ಕೆಳೆಯಿರಿ.

ತುಂಡು ಎಲ್ಲಿ ಬಿತ್ತು ಎಂಬುದನ್ನೂ ನೋಡಿ. ಕಂಬದ ಬುಡದಲ್ಲೇ ಜಾರಿ ಬಿದ್ದರೆ ಕತ್ತಿ ಕಡಿದಿದೆ. ಎರಡು ಮೂರು ಮೀಟರ್ ದೂರ ಹಾರಿದ್ದರೆ ಅಲಗಿನ ಬದಿ ಅದನ್ನು ತಳ್ಳಿದೆ.

ನೀರಿನ ಬಾಟಲಿ

ಒಂದು ಲೀಟರಿನ ತೆಳು ಬಾಟಲಿ ತುಂಬಿಸಿ, ಮುಚ್ಚಳ ಹಾಕಿ ನಿಲ್ಲಿಸಿದರೆ ಗುರಿ ಸಿದ್ಧ. ಬಾಟಲಿಯನ್ನು ಯಾವುದಕ್ಕೂ ಕಟ್ಟಿರುವುದಿಲ್ಲವಾದ್ದರಿಂದ ಬಾಯಿ ಹೊರಳಿದ್ದರೆ ಕಡಿಯುವ ಬದಲು ಹಾರಿಹೋಗುತ್ತದೆ. ಸರಿಯಾದ ಏಟಿಗೆ ಕೆಳಗಿನ ಅರ್ಧ ನೀರು ತುಂಬಿಕೊಂಡು ನಿಂತಲ್ಲೇ ನಿಂತಿರುತ್ತದೆ. ಉತ್ತರ ತಕ್ಷಣ ಸಿಗುತ್ತದೆ, ಆದರೆ ಹೌದು–ಅಲ್ಲ ಎಂಬಷ್ಟೇ. ಕಾಗದ ಹೇಳುವ ವಿವರ ಇದು ಹೇಳುವುದಿಲ್ಲ.

ಗೂಟ ಕಿತ್ತು, ಅದೇ ತೂತಿಗೆ ಕೂರುವಂತೆ ಅಡಿಯಲ್ಲಿ ಕಡ್ಡಿ ಬಿಟ್ಟ 25 ಸೆಂ.ಮೀ. ಎತ್ತರದ ದಿಮ್ಮಿ ಇಟ್ಟು ಅದರ ಮೇಲೆ ಬಾಟಲಿ ಇಡಿ. ಎತ್ತರ ಕೊಡದಿದ್ದರೆ ಬಾಟಲಿ ಹೊಕ್ಕಳಿಗೆ ಬಂದು, ಓರೆ ಏಟು ಮೊಣಕಾಲ ಹತ್ತಿರ ಮುಗಿಯುತ್ತದೆ. ಕತ್ತಿ ಬೀಳಬೇಕಾದದ್ದು ಬಾಟಲಿಯ ಹೆಗಲಿನ ಕೆಳಗಿನ ನಯವಾದ ಭಾಗಕ್ಕೆ. ಕುತ್ತಿಗೆ, ತಳ ಎರಡೂ ದಪ್ಪ ಪ್ಲಾಸ್ಟಿಕ್. ನಡುವೆ ಉಂಗುರ ಉಂಗುರವಾಗಿ ಏಣಿರುವ ಬಾಟಲಿ ಬೇಡ, ಏಣು ಅಲಗನ್ನು ತಿರುಗಿಸುತ್ತದೆ. ತಂಪು ಪಾನೀಯದ ಎರಡು ಲೀಟರ್ ಬಾಟಲಿಯ ಗೋಡೆ ಗಟ್ಟಿ, ಅದನ್ನು ಆಮೇಲೆ ನೋಡಿಕೊಳ್ಳಿ.

ಎರಡು ಬಾಟಲಿ ಆಗುವಷ್ಟರಲ್ಲಿ ನೆಲವೂ ಹಿಡಿಯೂ ಒದ್ದೆಯಾಗಿರುತ್ತದೆ. ಹಿಡಿ ಒರೆಸದೆ ಮುಂದಿನ ಏಟಿಗೆ ಹೋಗಬೇಡಿ. ಚೂರುಗಳನ್ನು ಲೆಕ್ಕ ಮಾಡಿ ಆರಿಸಿ; ಪ್ಲಾಸ್ಟಿಕ್ ಚೂರಾಗಲಿ ಕಡಿದ ರಬ್ಬರ್ ಬ್ಯಾಂಡಾಗಲಿ ಹುಲ್ಲಿನಲ್ಲಿ ಉಳಿದರೆ ದನದ ಹೊಟ್ಟೆ ಸೇರುತ್ತದೆ.

ಹಾಲಿನ ಪ್ಯಾಕೆಟ್ಟಿಗೆ ನೀರು ತುಂಬಿ ನೇತುಹಾಕುವುದೂ ಉಂಟು. ಅದು ಒಡೆಯುತ್ತದೆಯೇ ಹೊರತು ಏನನ್ನೂ ಕಲಿಸುವುದಿಲ್ಲ.

ಬಾಳೆಕಂಬ

ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಲ್ಲಿ ಅಡಿಕೆ, ಕಾಫಿಯ ನಡುವೆ ಬಾಳೆ ಇಲ್ಲದ ತೋಟ ಕಡಿಮೆ. ಗೊನೆ ಕಡಿದ ಗಿಡ ಹೇಗೂ ಕಡಿದು ಹಾಕುವಂಥದ್ದೇ, ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಗೊನೆ ಬಿಡದ ಗಿಡ ಮುಟ್ಟಬೇಡಿ. ನಿಂತ ಗಿಡಕ್ಕೆ ಕತ್ತಿ ಬೀಸುವುದೂ ಬೇಡ; ಬೀಳುವ ಗಿಡ ಯಾವ ಕಡೆ ವಾಲುತ್ತದೆ ಎಂದು ಕತ್ತಿ ಹಿಡಿದವರಿಗೆ ಹೇಳಲಾಗದು, ಸುತ್ತ ಕಾಫಿ ಗಿಡದ ರೆಕ್ಕೆಗಳೂ ಅಡ್ಡ ಬರುತ್ತವೆ.

ಬುಡದ ಭಾಗ 20 ಸೆಂ.ಮೀ. ದಾಟುವುದರಿಂದ ಅದನ್ನು ಬಿಟ್ಟು, ಮೇಲಿನ 10–12 ಸೆಂ.ಮೀ. ದಪ್ಪದ ಭಾಗವನ್ನು 90 ಸೆಂ.ಮೀ. ಉದ್ದಕ್ಕೆ ಮಾಡಿಕೊಳ್ಳಿ. ತುಂಡಿನ ಕೆಳಮುಖ ಸಮತಟ್ಟಾಗಿರಬೇಕು, ಇಲ್ಲದಿದ್ದರೆ ಗೂಟದ ಮೇಲೆ ವಾಲುತ್ತದೆ. ನಡುವಿನ ದಿಂಡಿಗೆ ಸರಿಯಾಗಿ ಗೂಟ ಹೊಂದಿಸಿ, ಕಂಬವನ್ನು ನೇರ ಎತ್ತಿ ಕೆಳಕ್ಕೆ ಕುಕ್ಕಿ ಕೂರಿಸಿ. ಹೊರಗಿನ ಒಣಗಿದ ಪಟ್ಟೆಯನ್ನೆಲ್ಲ ಸುಲಿದುಬಿಡಿ, ಅದರ ಸಂದಿಯಲ್ಲಿ ಮಣ್ಣು ಮರಳು ಕೂತಿರುತ್ತದೆ. ಬಾಳೆ ನಾರಿನಲ್ಲೇ ಎರಡು ಕಡೆ ಕಟ್ಟಿದರೆ ಪದರಗಳು ಜಾರುವುದಿಲ್ಲ.

ಕಡಿದ ದಿನ, ಹೆಚ್ಚೆಂದರೆ ಮಾರನೇ ದಿನ ಉಪಯೋಗಿಸಿ. ನೆರಳಲ್ಲಿಟ್ಟರೂ ಮೂರನೇ ದಿನಕ್ಕೆ ಪದರಗಳು ಒಂದರಿಂದೊಂದು ಬಿಡುತ್ತವೆ. ಆಮೇಲೆ ಕತ್ತಿ ಒಂದು ಪಟ್ಟೆಯನ್ನು ಕಡಿಯುತ್ತದೆ, ಮುಂದಿನದನ್ನು ನೂಕುತ್ತದೆ.

ಬಾಳೆಯ ಬಗ್ಗೆ ಒಂದು ಎಚ್ಚರಿಕೆ ಇದೆ. ಅದು ಬಹುಪಾಲು ನೀರು, ಒಳಗೆ ಗಾಳಿಗೂಡು. ದಪ್ಪ ನೋಡಿದರೆ ಭಯವಾದರೂ ಕತ್ತಿಗೆ ಸುಲಭ. ತೋಳಿನಷ್ಟು ದಪ್ಪದ್ದನ್ನು ಒಂದೇ ಏಟಿಗೆ ಉರುಳಿಸಿದೆ ಎಂಬ ಸಂತೋಷಕ್ಕೆ ಬಿದ್ದರೆ ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಬಾಳೆಯ ನಿಜವಾದ ಉಪಯೋಗ ಕಡಿದ ಮುಖದಲ್ಲಿದೆ. ಬೆಳ್ಳಗೆ, ಅಂಗೈ ಅಗಲದ ಮುಖ. ಒಂದರೊಳಗೊಂದು ಕೂತ ಪಟ್ಟೆಗಳ ಗೆರೆ, ಪ್ರತಿ ಗೆರೆಯ ನಡುವೆ ಚೌಕ ಚೌಕ ಗೂಡು. ಬಾಯಿ ನೇರವಾಗಿ ಹೋಗಿದ್ದರೆ ಗೂಡಿನ ಗೋಡೆಗಳು ಚೂಪಾಗಿ ಎದ್ದು ನಿಂತಿರುತ್ತವೆ. ಅಲಗಿನ ಬದಿ ಉಜ್ಜಿಕೊಂಡು ಹೋಗಿದ್ದರೆ ಗೋಡೆಗಳು ಒಂದೇ ಕಡೆಗೆ ಮಲಗಿ, ಮುಖ ಮಬ್ಬಾಗಿ ಒದ್ದೆ ಒದ್ದೆ ಕಾಣುತ್ತದೆ. ಎಲ್ಲಿಂದ ಮಲಗಲು ಶುರುವಾಗಿದೆಯೋ ಅಲ್ಲೇ ನಿಮ್ಮ ಕೈ ಹೊರಳಿದೆ. ಪೇಪರ್ ಸುರುಳಿಯ ಸಣ್ಣ ಮುಖದಲ್ಲಿ ಈ ಜಾಗವನ್ನು ಇಷ್ಟು ಖಚಿತವಾಗಿ ಗುರುತಿಸುವುದು ಕಷ್ಟ. ಹಾಗಾಗಿ ತಿಂಗಳಿಗೊಮ್ಮೆಯಾದರೂ ಬಾಳೆ ಕಡಿಯುವುದು ಒಳ್ಳೆಯದು.

ಬಾಳೆಯ ಕರೆ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ, ಹಳೇ ಬಟ್ಟೆ ಹಾಕಿಕೊಳ್ಳಿ. ಕಾರ್ಬನ್ ಸ್ಟೀಲಿನ ಅಲಗಿನ ಮೇಲೂ ಅದು ಕಪ್ಪು ಕಲೆ ಮಾಡುತ್ತದೆ, ನಾಲ್ಕೈದು ಏಟಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿರಿ.

ಚಾಪೆ, ಹುಲ್ಲು

ತತಾಮಿಗೆ ಹತ್ತಿರದ್ದು ನಮ್ಮ ಜೊಂಡಿನ ಚಾಪೆ. ಮೂರಡಿ ಅಗಲ ಆರಡಿ ಉದ್ದದ್ದನ್ನು ಉದ್ದಕ್ಕೆ ಸುತ್ತಿದರೆ 90 ಸೆಂ.ಮೀ. ಎತ್ತರದ, ಆರರಿಂದ ಎಂಟು ಸೆಂ.ಮೀ. ದಪ್ಪದ ಸುರುಳಿ ಸಿಗುತ್ತದೆ. ಪೇಪರ್ ಸುರುಳಿಯಲ್ಲಿ 40 ಹಾಳೆಯದನ್ನು ಸಲೀಸಾಗಿ ಕಡಿಯುವವರೆಗೆ ಇದಕ್ಕೆ ಬರಬೇಡಿ. ಈಚಲು ಚಾಪೆ ಇನ್ನೂ ಬಿರುಸು. ಮೊದಲ ಸಲಕ್ಕೆ ಉದ್ದದಲ್ಲಿ ಅರ್ಧಕ್ಕೆ ಕತ್ತರಿಸಿ ಸುತ್ತಿ. ಪ್ಲಾಸ್ಟಿಕ್ ಚಾಪೆ ಯಾವ ಕಾರಣಕ್ಕೂ ಬೇಡ.

ಹಳೇ ಚಾಪೆಯಲ್ಲಿ ವರ್ಷಗಳ ಧೂಳು ಮರಳು ಇರುತ್ತದೆ. ಕೊಡವಿ, ನೀರು ಹರಿಸಿ ತೊಳೆದು, ಅಂಚಿನ ಬಟ್ಟೆಪಟ್ಟಿ ಬಿಚ್ಚಿಹಾಕಿ. ನೇಯ್ಗೆಯ ಹುರಿ ನೈಲಾನ್ ಆಗಿದ್ದರೆ ಆ ಚಾಪೆ ಬಿಡಿ. ನೈಲಾನ್ ಎಳೆ ಕಡಿಯದೆ ಅಲಗಿಗೆ ಸುತ್ತಿಕೊಳ್ಳುತ್ತದೆ. ಸುತ್ತುವಾಗ ಮೊಣಕಾಲಿನಿಂದ ಒತ್ತಿ ಬಿಗಿ ಮಾಡುತ್ತಾ ಹೋಗಿ, 15 ಸೆಂ.ಮೀ.ಗೊಂದು ಕಡೆ ಹತ್ತಿಯ ಹುರಿಯಲ್ಲಿ ಕಟ್ಟಿ. 24 ಗಂಟೆ ಪೂರ್ತಿ ಮುಳುಗಿರಲಿ, ಆಮೇಲೆ ಒಂದೆರಡು ಗಂಟೆ ಬಸಿಯಲಿ. ಅದೇ ದಿನ ಕಡಿಯಿರಿ. ಮಳೆಗಾಲದಲ್ಲಿ ಎರಡೇ ದಿನಕ್ಕೆ ವಾಸನೆ ಬಂದು ಬೂಷ್ಟು ಹಿಡಿಯುತ್ತದೆ, ಬೂಷ್ಟು ಹಿಡಿದದ್ದನ್ನು ಕಡಿದರೆ ಅದರ ಪುಡಿ ಮೂಗಿಗೆ ಹೋಗುತ್ತದೆ.

ಭತ್ತದ ಹುಲ್ಲನ್ನು ಎಂಟು ಸೆಂ.ಮೀ. ದಪ್ಪದ ಕಟ್ಟು ಕಟ್ಟಿ ನೆನೆಸುವುದು ಜಪಾನಿನಲ್ಲೂ ಹಳೆಯ ಪದ್ಧತಿ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಅಂಶ ಇರುವುದರಿಂದ ಬಾಯಿ ಬೇಗ ಹೋಗುತ್ತದೆ. ಬೇಸಿಗೆಯಲ್ಲಿ ಹುಲ್ಲು ದನಕ್ಕೇ ಸಾಲದು, ಆಗಂತೂ ಇದನ್ನು ಮರೆತುಬಿಡಿ.

ಕೈ ಹಾಕಬಾರದವು

ಸೋರೆಕಾಯಿ, ಬಲಿತ ಸೌತೆಕಾಯಿ ಪರವಾಗಿಲ್ಲ. ಬೂದುಗುಂಬಳ, ಸಿಹಿಗುಂಬಳ ಬೇಡ: ಅಲಗು ಅರ್ಧ ಹೋಗುವಷ್ಟರಲ್ಲಿ ತಾವೇ ಸೀಳಿಕೊಳ್ಳುತ್ತವೆ, ಕೆಟ್ಟ ಏಟೂ ಒಳ್ಳೆಯದಾಗಿ ಕಾಣುತ್ತದೆ. ಎಣ್ಣೆ ಹಚ್ಚಿದ ಕತ್ತಿಯಲ್ಲಿ ಕಡಿದ ತರಕಾರಿಯನ್ನು ಅಡುಗೆಗೆ ಹಾಕಬೇಡಿ.

ಬಟ್ಟೆ ಅಂಗಡಿಯ ರಟ್ಟಿನ ಕೊಳವೆ ನೋಡಲು ಕಾಗದ, ಆದರೆ ಅಂಟು ಹಾಕಿ ಸುತ್ತಿದ್ದರಿಂದ ಮರದಷ್ಟೇ ಗಟ್ಟಿ. ಗೋಣಿಚೀಲದ ಸೆಣಬು ಎಳೆ ಎಳೆಯಾಗಿ ಸಿಕ್ಕಿಕೊಳ್ಳುತ್ತದೆ. ಪಿವಿಸಿ ಪೈಪು, ತೆಂಗಿನಕಾಯಿ, ಅಡಿಕೆ ಮರ, ಟೈರು, ತಗಡಿನ ಡಬ್ಬ ಇವುಗಳಿಂದ ಕತ್ತಿ ಹಾಳು, ಚೂರು ಕಣ್ಣಿಗೆ. ಒಣ ಬಿದಿರು ಹೊಸಬರ ಕೈಯಲ್ಲಿ ಅಲಗಿನ ಬಾಯಿ ಚಕ್ಕೆ ಏಳಿಸುತ್ತದೆ. ಹಸಿ ಬಿದಿರೂ ಗುರು ಪಕ್ಕದಲ್ಲಿ ನಿಂತು ಸರಿ ಎಂದ ಮೇಲೆಯೇ. ಹಗ್ಗದಲ್ಲಿ ನೇತುಹಾಕಿದ, ಎಸೆದ ಅಥವಾ ಇನ್ನೊಬ್ಬರು ಕೈಯಲ್ಲಿ ಹಿಡಿದ ಯಾವುದಕ್ಕೂ ಕತ್ತಿ ಬೀಸಬೇಡಿ. ಹಿಡಿದುಕೊಂಡು ನಿಲ್ಲುತ್ತೇನೆ ಎಂದು ಗೆಳೆಯ ಎಷ್ಟು ಧೈರ್ಯ ಹೇಳಿದರೂ ಬೇಡ.

ಜಾಗ, ಕಾಲು, ದೂರ

ಕಾಫಿ ಕಣ ಖಾಲಿ ಇರುವಾಗ ವಿಶಾಲವಾಗಿ ಕಾಣುತ್ತದೆ. ಆದರೆ ಸಿಮೆಂಟು ನೆಲ ಒದ್ದೆಯಾದರೆ ಜಾರುತ್ತದೆ, ಏಟು ಕೆಳಗಿಳಿದರೆ ಮೊನೆ ಮುರಿಯುತ್ತದೆ. ಕಣದ ಪಕ್ಕದ ಮಣ್ಣಿನ ನೆಲ ಒಳ್ಳೆಯದು. ಎರಡು ಪಕ್ಕ ಮೂರು ಮೀಟರ್, ಎದುರಿಗೆ ಐದು ಮೀಟರ್ ತೆರವಿರಬೇಕು. ತಲೆಯ ಮೇಲೆ ಕೊಂಬೆ, ಬಟ್ಟೆ ಒಣಹಾಕುವ ತಂತಿ ಇದೆಯೇ ನೋಡಿ. ನೋಡುವವರು ಕಡಿಯುವವರ ಹಿಂದೆ, ಕನಿಷ್ಠ ನಾಲ್ಕು ಮೀಟರ್ ದೂರ. ಎದುರಿನಿಂದ ವಿಡಿಯೋ ತೆಗೆಯಬೇಕಾದರೆ ಫೋನನ್ನು ಸ್ಟ್ಯಾಂಡಿಗೆ ಹಾಕಿ. ಮಕ್ಕಳು, ನಾಯಿ ಒಳಗೆ. ಕಾಲಿಗೆ ಬೂಟು ಇರಲಿ, ಚಪ್ಪಲಿ ಬೇಡ.

ಬೀಸುವ ಮೊದಲು ಕತ್ತಿಯನ್ನು ನಿಧಾನಕ್ಕೆ ಚಾಚಿ ಗುರಿಯ ಮೇಲೆ ಇಟ್ಟು ದೂರ ಅಳೆಯಿರಿ. ಮೊನೆಯಿಂದ 10–20 ಸೆಂ.ಮೀ. ಒಳಗಿನ ಭಾಗ ಗುರಿಗೆ ತಾಗಬೇಕು. ಮೊನೆಯೇ ತಾಗಿದರೆ ಅರ್ಧ ಸೀಳಿ ಹೋಗುತ್ತದೆ. ಹಿಡಿಯ ಹತ್ತಿರ ತಾಗಿದರೆ ವೇಗ ಸಾಲದೆ ಕಚ್ಚಿಕೊಳ್ಳುತ್ತದೆ, ಮಣಿಕಟ್ಟಿಗೂ ಪೆಟ್ಟು.

ಬಲ ಹೆಗಲ ಮೇಲಿನಿಂದ ಎಡ ಸೊಂಟದ ಕಡೆಗೆ 45 ಡಿಗ್ರಿ ಓರೆಯಲ್ಲಿ ಇಳಿಯುವ ಏಟನ್ನೇ ಮೊದಲು ಸಾಧಿಸಿ. ಬಲಗಾಲು ಮುಂದೆ, ಎಡಗಾಲು ಹಿಂದೆ. ಎಡಗಾಲು ಮುಂದಿಟ್ಟು ಇದೇ ಏಟು ಹೊಡೆದರೆ ಗುರಿಯನ್ನು ದಾಟಿ ಬಂದ ಅಲಗಿಗೆ ನಿಮ್ಮದೇ ಮೊಣಕಾಲು ಎದುರಾಗುತ್ತದೆ. ಎಡಗಡೆಯಿಂದ ಹೊಡೆಯುವಾಗ ಕಾಲೂ ಬದಲಾಗಬೇಕು. ಕೆಳಗಿನಿಂದ ಮೇಲಕ್ಕೆ ಏರುವ ಏಟು ಆಮೇಲೆ. ಅಡ್ಡ ಏಟು ಎಲ್ಲಕ್ಕಿಂತ ಕೊನೆಗೆ. ಅದಕ್ಕೆ ಕತ್ತಿಯ ತೂಕ ಏನೂ ಸಹಾಯ ಮಾಡುವುದಿಲ್ಲ, ಗುರಿಯ ನಾರು ಉದ್ದಕ್ಕೆ ನಿಂತಿರುತ್ತದೆ, ಒಂದೆರಡು ಡಿಗ್ರಿ ತಪ್ಪಿದರೂ ಸುರುಳಿ ಗೂಟದಿಂದ ಕಿತ್ತು ಹಾರುತ್ತದೆ.

ಮುಗಿಸಿದ ಮೇಲೆ

ಒದ್ದೆ ಕತ್ತಿಯನ್ನು ಒರೆಗೆ ಹಾಕಬೇಡಿ. ಒರೆಯೊಳಗಿನ ಮರ ನೀರು ಹಿಡಿದುಕೊಂಡರೆ ಆಮೇಲೆ ಎಷ್ಟು ಎಣ್ಣೆ ಹಚ್ಚಿದರೂ ತುಕ್ಕು ಬರುತ್ತಲೇ ಇರುತ್ತದೆ. ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಹತ್ತಿ ಬಟ್ಟೆ. ಬೆನ್ನಿನ ಕಡೆಯಿಂದ ಅಲಗನ್ನು ಹಿಡಿದು, ಹಿಡಿಯಿಂದ ಮೊನೆಯ ಕಡೆಗೆ ಮಾತ್ರ ಒರೆಸಿ. ಪೇಪರಿನ ಶಾಯಿ, ಬಾಳೆಯ ಕರೆ ಉಳಿದಿದ್ದರೆ ಸ್ಪಿರಿಟ್ ಹಾಕಿದ ಹತ್ತಿಯಿಂದ ತೆಗೆಯಿರಿ. ಹತ್ತು ನಿಮಿಷ ಹೊರಗಿಟ್ಟು, ಹೊಲಿಗೆ ಯಂತ್ರದ ಎಣ್ಣೆಯ ನಾಲ್ಕೈದು ಹನಿಯನ್ನು ತೆಳ್ಳಗೆ ಸವರಿ. ಕೊಬ್ಬರಿ ಎಣ್ಣೆ ಬೇಡ, ನಮ್ಮ ಚಳಿಯಲ್ಲಿ ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬಳಸದಿದ್ದರೂ ವಾರಕ್ಕೊಮ್ಮೆ ಹೊರತೆಗೆದು ಒರೆಸಿ ಮತ್ತೆ ಎಣ್ಣೆ ಹಚ್ಚಬೇಕು. ಚರ್ಮದ ಒರೆಯಾದರೆ ಮಳೆಗಾಲದಲ್ಲಿ ಕತ್ತಿಯನ್ನು ಅದರಿಂದ ಹೊರಗೆ, ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಬೀಗ ಹಾಕಿದ ಕಪಾಟಿನಲ್ಲಿ ಇಡಿ.

ಕಡಿದ ಪೇಪರ್, ಚಾಪೆ, ಹುಲ್ಲನ್ನು ರಬ್ಬರ್ ಬ್ಯಾಂಡು, ಹುರಿ ಬಿಡಿಸಿ ಗೊಬ್ಬರದ ಗುಂಡಿಗೆ ಹಾಕಿ. ಬಾಳೆ ತುಂಡುಗಳನ್ನು ಕಾಫಿ ಗಿಡದ ಬುಡಕ್ಕೆ ಹೊದಿಸಬಹುದು. ದನಕ್ಕೆ ಹಾಕುವುದಾದರೆ ಕಡಿಯುವ ಮುಂಚೆಯೇ ಅಲಗಿನ ಎಣ್ಣೆ ಪೂರ್ತಿ ಒರೆಸಿಕೊಂಡಿರಬೇಕು. ಗೂಟವನ್ನು ಕಂಬದಿಂದ ಕಿತ್ತು ಒಳಗಿಡಿ. ತೂತಿನಲ್ಲೇ ಬಿಟ್ಟರೆ ಮಳೆಗೆ ಉಬ್ಬಿ ಕೂತು, ಮುಂದಿನ ಸಲ ಕೀಳುವಾಗ ಕಂಬವೇ ಸೀಳುತ್ತದೆ.